ಅಗ್ಗದ ಚಿಪ್ಪು ಯಾರ ಕೈಗೆ?

ಬೆಲೆ ಇಳಿಯಿತೆಂಬ ಸುದ್ದಿ ಕಿವಿಗೆ ಬಿದ್ದರೆ ಸಾಕು, ಪಟ್ಟಣವಾಸಿಗಳಾದ ನಮ್ಮ ಮುಖ ಅರಳುತ್ತದೆ. ಇಳಿದದ್ದು ಏಕೆ, ಇಳಿಸಿದವರು ಯಾರು, ಇಳಿಸಿದ ಭಾರ ಯಾರ ತಲೆಯ ಮೇಲೆ ಹೋಗಿ ಕುಳಿತಿತು ಎಂದು ವಿಚಾರಿಸುವ ಅಭ್ಯಾಸ ನಮಗಿಲ್ಲ. ೨೦೨೨ರ ಉತ್ತರಾರ್ಧದಿಂದ ೨೦೨೩ರವರೆಗೆ, ಕಂಪ್ಯೂಟರು ಮೊಬೈಲುಗಳ ಹೊಟ್ಟೆಯಲ್ಲಿ ಕುಳಿತಿರುವ ಮೆಮೊರಿ ಚಿಪ್ಪುಗಳ ಬೆಲೆ ಪಾತಾಳ ಮುಟ್ಟಿದಾಗಲೂ ಹೀಗೆಯೇ ಆಯಿತು. ಗಿರಾಕಿಗೆ ಸುಗ್ಗಿ ಬಂತೆಂದು ಹಿಗ್ಗಿದವರು ಉಂಟು. ಪೇಟೆ ತನ್ನನ್ನು ತಾನೇ ತಿದ್ದಿಕೊಳ್ಳುತ್ತಿದೆಯೆಂದು ತಲೆದೂಗಿದ ಪಂಡಿತರೂ ಉಂಟು. ಈ ಎರಡು ಮಾತುಗಳೂ ತಪ್ಪೆಂದು ಹೇಳುವುದೇ ಈ ಲೇಖನದ ಉದ್ದೇಶ.

ಚಿಪ್ಪು ಎಂಬ ಮಾತು ನಮ್ಮ ಭಾಷೆಗೆ ಹೊಸದಲ್ಲ. ತೆಂಗಿನ ಚಿಪ್ಪು, ಆಮೆಯ ಚಿಪ್ಪು, ಮುತ್ತಿನ ಚಿಪ್ಪು ನಮಗೆ ಗೊತ್ತು. ವ್ಯಾಪಾರದಲ್ಲಿ ಮುಳುಗಿದವನ ಕೈಗೆ ಬರುವ ಚಿಪ್ಪೂ ಗೊತ್ತು. ಇಂಗ್ಲಿಷಿನಿಂದ ಬಂದ ಚಿಪ್ಪು ಬೇರೆಯ ಪದವೆಂಬುದು ನಿಜ. ಆದರೂ ಈ ವ್ಯಾಪಾರದ ನಲವತ್ತು ವರ್ಷಗಳ ಚರಿತ್ರೆಯನ್ನು ನೋಡಿದರೆ, ಕನ್ನಡದ ಶ್ಲೇಷೆ ಅನ್ವರ್ಥವಾಗಿಯೇ ಬಿದ್ದಿದೆಯೆಂದು ಒಪ್ಪಬೇಕಾಗುತ್ತದೆ. ಕೆಲವರಿಗೆ ಮುತ್ತು ಸಿಕ್ಕಿತು. ಉಳಿದವರ ಕೈಗೆ ಚಿಪ್ಪು ಬಂತು.

ನನ್ನ ವಾದ ಇಷ್ಟು: ಅತಿಪೂರೈಕೆಯಿಂದ ಬಿದ್ದ ಬೆಲೆ ಗಿರಾಕಿಗೆ ದೊರೆತ ದಾನವಲ್ಲ, ಅವನ ಹೆಸರಿನಲ್ಲಿ ಬರೆದಿಟ್ಟ ಸಾಲ. ಆ ಸಾಲವನ್ನು ಮೊದಲು ಕಾರ್ಖಾನೆಯ ಕೆಲಸಗಾರ ತೀರಿಸುತ್ತಾನೆ. ಆಮೇಲೆ ತೆರಿಗೆ ಕೊಡುವವನು ತೀರಿಸುತ್ತಾನೆ. ಕಟ್ಟಕಡೆಗೆ ಬಡ್ಡಿಸಹಿತ ಗಿರಾಕಿಯೇ ತೀರಿಸುತ್ತಾನೆ. ಇಂಥ ಉದ್ಯಮಕ್ಕೆ ಸಾರ್ವಜನಿಕ ಹಣವನ್ನು ಹಾಕುವ ಸರ್ಕಾರಗಳು, ಬೆಲೆ ಏರಿದ ಕಾಲದ ಕನಸನ್ನು ಮಾತ್ರ ಬಣ್ಣಿಸಿ, ಬೆಲೆ ಬಿದ್ದ ಕಾಲದ ಲೆಕ್ಕವನ್ನು ಹೇಳದಿರುವುದು ಜನರಿಗೆ ಮಾಡುವ ಅನ್ಯಾಯ. ಕನ್ನಡದ ಪಾಠ ಹೇಳುವವನಿಗೆ ಸಿಲಿಕಾನಿನ ಗೊಡವೆ ಏಕೆಂದು ಕೆಲವರು ಕೇಳಬಹುದು. ಕಾರ್ಖಾನೆಯ ಖರ್ಚಿನಲ್ಲಿ ಅರ್ಧಪಾಲು ಬೊಕ್ಕಸದಿಂದ ಹೋಗುತ್ತಿರುವಾಗ, ಪ್ರಶ್ನೆ ಕೇಳುವುದಕ್ಕೆ ಎಂಜಿನಿಯರಿಂಗ್ ಪದವಿ ಬೇಕಿಲ್ಲ. ತೆರಿಗೆ ಕೊಟ್ಟ ರಸೀದಿಯೇ ಸಾಕು.

* * *

ಮೊದಲು ಈ ವ್ಯಾಪಾರದ ಮರ್ಮವನ್ನು ತಿಳಿಯೋಣ. ಯಂತ್ರ ಕೆಲಸಮಾಡುತ್ತಿರುವಷ್ಟು ಹೊತ್ತು ಅಂಕೆ, ಅಕ್ಷರ, ಚಿತ್ರಗಳನ್ನು ಹಿಡಿದಿಟ್ಟುಕೊಳ್ಳುವುದು ಮೆಮೊರಿ ಚಿಪ್ಪಿನ ಕೆಲಸ. ಇದರ ಮುಖ್ಯ ಜಾತಿಗೆ ಡಿ-ರ‍್ಯಾಮ್ ಎಂದು ಹೆಸರು. ಇದರ ವಿಶೇಷವೇನೆಂದರೆ, ಇದರಲ್ಲಿ ವಿಶೇಷವೇ ಇಲ್ಲದಿರುವುದು. ಒಂದೇ ಅಳತೆಗೆ, ಒಂದೇ ಮಾನಕಕ್ಕೆ ಎಲ್ಲರೂ ತಯಾರಿಸುತ್ತಾರೆ. ಕೊರಿಯದ್ದನ್ನು ತೆಗೆದು ಅಮೆರಿಕದ್ದನ್ನು ಕೂರಿಸಿದರೆ ಯಂತ್ರಕ್ಕೂ ತಿಳಿಯದು, ಯಜಮಾನನಿಗೂ ತಿಳಿಯದು. ಆದ್ದರಿಂದ ಮಾರುವವನ ಕೈಯಲ್ಲಿ ಉಳಿಯುವ ಆಯುಧ ಒಂದೇ: ಬೆಲೆ.

ಎರಡನೆಯ ಮಾತು ಕಾರ್ಖಾನೆಯದು. ಈ ಕಾಲದ ಒಂದು ದೊಡ್ಡ ಚಿಪ್ ಕಾರ್ಖಾನೆ ಎದ್ದುನಿಲ್ಲಬೇಕಾದರೆ ಒಂದು ಸಾವಿರದಿಂದ ಎರಡು ಸಾವಿರ ಕೋಟಿ ಡಾಲರ್ ಬೇಕು. ಎರಡು ಮೂರು ವರ್ಷ ಬೇಕು. ಸಿಲಿಕಾನಿನ ಒಂದು ಬಿಲ್ಲೆ ಒಳಗೆ ಹೋಗಿ ನೂರಾರು ಸಂಸ್ಕಾರಗಳನ್ನು ಮುಗಿಸಿಕೊಂಡು ಹೊರಗೆ ಬರಬೇಕಾದರೆ ಸುಮಾರು ಮೂರು ತಿಂಗಳು ಹಿಡಿಯುತ್ತದೆ. ಅದನ್ನು ಕೊರೆಯುವ ಯಂತ್ರಗಳು ಕೆಲವೇ ವರ್ಷಗಳಲ್ಲಿ ಹಳೆಯವಾಗುತ್ತವೆ. ಖರ್ಚಿನ ಬಹುಪಾಲು ಯಂತ್ರಗಳಿಗೇ ಹೋಗಿರುವುದರಿಂದ, ನಡೆಸಿದರೂ ನಷ್ಟ, ನಿಲ್ಲಿಸಿದರೆ ಇನ್ನೂ ಹೆಚ್ಚು ನಷ್ಟ. ಅಂತೆಯೇ ಈ ಕಾರ್ಖಾನೆಗಳು ಹಗಲಿರುಳೆನ್ನದೆ ನಡೆಯುತ್ತವೆ. ಬೆಲೆ ಬಿದ್ದಾಗಲೂ ನಡೆಯುತ್ತವೆ.

ಈಗ ಎರಡನ್ನೂ ಕೂಡಿಸಿ ನೋಡಿ. ಬೆಲೆ ಏರಿತು ಎನ್ನಿ. ಎಲ್ಲರೂ ಒಟ್ಟಿಗೆ ಕಟ್ಟಲು ಹೊರಡುತ್ತಾರೆ. ಎರಡು ವರ್ಷದ ಮೇಲೆ ಎಲ್ಲರ ಸರಕೂ ಒಟ್ಟಿಗೆ ಪೇಟೆಗೆ ಬರುತ್ತದೆ. ಅಷ್ಟು ಹೊತ್ತಿಗೆ ಕೊಳ್ಳುವವನ ಹಸಿವು ತೀರಿರುತ್ತದೆ. ಬೆಲೆ ಕುಸಿಯುತ್ತದೆ. ಒಬ್ಬನು ತಯಾರಿಕೆ ತಗ್ಗಿಸಿದರೆ ಬೆಲೆ ಸ್ವಲ್ಪ ಏರಬಹುದು. ಆದರೆ ಆ ಏರಿಕೆಯ ಲಾಭ ತಗ್ಗಿಸದವನಿಗೆ ಹೋಗುತ್ತದೆ. ಹೀಗಾಗಿ ‘ನೀ ಮೊದಲು, ನೀ ಮೊದಲು’ ಎಂದು ಎಲ್ಲರೂ ಕಾಯುತ್ತಾರೆ. ೨೦೨೨ರ ಕೊನೆಯಲ್ಲಿ ಮೈಕ್ರಾನ್ ಮತ್ತು ಎಸ್‌ಕೆ ಹೈನಿಕ್ಸ್ ಸಂಸ್ಥೆಗಳು ಕೈ ತಗ್ಗಿಸಿದರೂ ಎಲ್ಲರಿಗಿಂತ ದೊಡ್ಡವರಾದ ಸ್ಯಾಮ್‌ಸಂಗಿನವರು ೨೦೨೩ರ ಏಪ್ರಿಲ್‌ವರೆಗೆ ಬಗ್ಗಲಿಲ್ಲ. ಆ ಹಠದ ಬೆಲೆ ಎಷ್ಟು? ೨೦೨೩ರಲ್ಲಿ ಸ್ಯಾಮ್‌ಸಂಗಿನ ಚಿಪ್ ವಿಭಾಗಕ್ಕೆ ಸುಮಾರು ೧೫ ಲಕ್ಷ ಕೋಟಿ ವಾನ್ ನಷ್ಟ, ಹೈನಿಕ್ಸಿಗೆ ೭.೭ ಲಕ್ಷ ಕೋಟಿ ವಾನ್ ನಷ್ಟ. ಮೈಕ್ರಾನಿಗೆ ಆ ಲೆಕ್ಕದ ವರ್ಷದಲ್ಲಿ ೫೮೩ ಕೋಟಿ ಡಾಲರ್ ನಷ್ಟ.

ನಮ್ಮ ಕೋಲಾರದ ಮಂಡಿಯನ್ನು ಬಲ್ಲವರಿಗೆ ಇದರಲ್ಲಿ ಅರ್ಥವಾಗದ್ದೇನೂ ಇಲ್ಲ. ಅದೇ ೨೦೨೩ರ ಜುಲೈನಲ್ಲಿ ಕಿಲೋಗೆ ನೂರು ರೂಪಾಯಿ ದಾಟಿದ್ದ ಟೊಮ್ಯಾಟೊ ಸೆಪ್ಟೆಂಬರಿನಲ್ಲಿ ಕೇಳುವವರಿಲ್ಲದೆ ಬಿದ್ದಿತ್ತು. ಏರಿದ ಬೆಲೆಯನ್ನು ನೋಡಿ ಎಲ್ಲರೂ ಬೆಳೆದರು. ಎಲ್ಲರ ಬೆಳೆಯೂ ಒಟ್ಟಿಗೆ ಬಂತು. ಆದರೆ ರೈತನಿಗೂ ಚಿಪ್ಪಿನ ಕಂಪೆನಿಗೂ ಒಂದು ವ್ಯತ್ಯಾಸವುಂಟು. ರೈತನು ಮುಂದಿನ ಬೆಳೆಗೆ ರಾಗಿಯನ್ನೋ ಹುರುಳಿಯನ್ನೋ ಹಾಕಬಲ್ಲನು. ಮೆಮೊರಿ ಚಿಪ್ಪಿಗೆಂದೇ ಕಟ್ಟಿದ ಕಾರ್ಖಾನೆ ಸುಲಭವಾಗಿ ಬೇರೊಂದನ್ನು ಹಡೆಯಲಾರದು. ಇನ್ನೊಂದು ವ್ಯತ್ಯಾಸವೂ ಉಂಟು. ರೈತನ ಟೊಮ್ಯಾಟೊ ಕೊಳೆತಾಗ ಅದನ್ನು ರಾಷ್ಟ್ರದ ಭದ್ರತೆಯ ಪ್ರಶ್ನೆಯೆಂದು ಯಾವ ಮಂತ್ರಿಯೂ ಭಾಷಣ ಮಾಡುವುದಿಲ್ಲ.

* * *

ಇದು ೨೦೨೩ರಲ್ಲಿ ಮೊದಲು ಕಂಡ ವಿಪತ್ತೇನೂ ಅಲ್ಲ. ಮೆಮೊರಿ ಚಿಪ್ಪನ್ನು ಪೇಟೆಗೆ ತಂದು ಹೆಸರು ಮಾಡಿದ್ದು ೧೯೬೮ರಲ್ಲಿ ಹುಟ್ಟಿದ ಅಮೆರಿಕದ ಇಂಟೆಲ್ ಸಂಸ್ಥೆ. ಅದರ ೧೧೦೩ ಎಂಬ ಚಿಪ್ಪು ಬಂದದ್ದು ೧೯೭೦ರಲ್ಲಿ. ಹದಿನೈದೇ ವರ್ಷದಲ್ಲಿ, ಎಂದರೆ ೧೯೮೫ರಲ್ಲಿ, ಅದೇ ಇಂಟೆಲ್ ಮೆಮೊರಿಯ ವ್ಯಾಪಾರವನ್ನೇ ತೊರೆದು ಹೊರಬಿತ್ತು. ಜಪಾನಿನ ಕಾರ್ಖಾನೆಗಳೂ ಅಮೆರಿಕದ ಕಾರ್ಖಾನೆಗಳೂ ಒಟ್ಟಿಗೆ ಸುರಿದ ಸರಕಿನಲ್ಲಿ ಬೆಲೆ ಮುಳುಗಿಹೋಗಿತ್ತು. ಹಡೆದ ತಾಯಿಯೇ ಮಗುವನ್ನು ಬೀದಿಯಲ್ಲಿಟ್ಟು ಹೋದಂತಾಯಿತು. ಸಾವಿರಾರು ಜನ ಕೆಲಸ ಕಳೆದುಕೊಂಡರು.

ಆಗ ಅಮೆರಿಕ ಸರ್ಕಾರ ಏನು ಮಾಡಿತು? ಪೇಟೆ ತನ್ನನ್ನು ತಾನೇ ತಿದ್ದಿಕೊಳ್ಳಲಿ ಎಂದು ಕೈಕಟ್ಟಿ ಕುಳಿತಿತೆ? ಇಲ್ಲ. ೧೯೮೬ರಲ್ಲಿ ಜಪಾನಿನೊಡನೆ ಒಪ್ಪಂದ ಮಾಡಿಕೊಂಡು, ಇಂತಿಷ್ಟಕ್ಕಿಂತ ಕಡಿಮೆಗೆ ಮಾರಕೂಡದೆಂದು ಕಟ್ಟು ಹಾಕಿತು. ಒಪ್ಪಂದ ಸರಿಯಾಗಿ ನಡೆಯಲಿಲ್ಲವೆಂದು ೧೯೮೭ರಲ್ಲಿ ೩೦ ಕೋಟಿ ಡಾಲರ್ ಬೆಲೆಯ ಜಪಾನೀ ಸರಕುಗಳ ಮೇಲೆ ನೂರಕ್ಕೆ ನೂರು ಸುಂಕ ಹೇರಿತು. ಮುಕ್ತ ವ್ಯಾಪಾರದ ಉಪದೇಶವನ್ನು ಲೋಕಕ್ಕೆಲ್ಲ ಹಂಚುತ್ತಿದ್ದವರ ಮನೆಯ ಪದ್ಧತಿ ಇದು. ಫಲವೇನಾಯಿತೆಂದರೆ, ೧೯೮೮ರ ಹೊತ್ತಿಗೆ ಮೆಮೊರಿ ಚಿಪ್ಪಿಗೆ ಬರ ಬಂದು ಬೆಲೆ ಗಗನಕ್ಕೇರಿತು. ಅಮೆರಿಕದ ಕಂಪ್ಯೂಟರ್ ತಯಾರಕರೇ ಗೋಳಾಡಿದರು. ಲಾಭ ಮಾಡಿಕೊಂಡವರಲ್ಲಿ, ೧೯೮೩ರಲ್ಲಿ ಈ ಕಣಕ್ಕೆ ಇಳಿದು ನಷ್ಟವನ್ನು ನುಂಗುತ್ತ ಕಾದಿದ್ದ ಕೊರಿಯದ ಸ್ಯಾಮ್‌ಸಂಗ್ ಮುಖ್ಯವಾದುದು.

ಮುಂದಿನ ಪ್ರವಾಹ ೧೯೯೬ರಲ್ಲಿ ಬಂತು. ಅದರ ಅಲೆ ಯಾರನ್ನು ಎಲ್ಲಿಗೆ ಕೊಂಡೊಯ್ದಿತೆಂಬುದನ್ನು ತಿಳಿಯಬೇಕಾದರೆ ಇಂಗ್ಲೆಂಡಿನ ಈಶಾನ್ಯ ಮೂಲೆಯಲ್ಲಿರುವ ನಾರ್ತ್ ಟೈನ್‌ಸೈಡಿಗೆ ಹೋಗಬೇಕು. ಟೈನ್ ನದಿಯ ದಂಡೆಯ ಆ ಸೀಮೆ ಒಂದು ಕಾಲಕ್ಕೆ ಕಲ್ಲಿದ್ದಲಿಗೆ, ಹಡಗುಕಟ್ಟುವ ಕೆಲಸಕ್ಕೆ ಹೆಸರಾಗಿತ್ತು. ಗಣಿ ಮುಚ್ಚಿದವು, ಹಡಗುಕಟ್ಟೆಗಳು ಬರಿದಾದವು. ಆಮೇಲೆ ಬಂತು ಭಾಗ್ಯ. ಜರ್ಮನಿಯ ಸೀಮೆನ್ಸ್ ಸಂಸ್ಥೆ, ಸರ್ಕಾರದ ಸಹಾಯಧನವನ್ನೂ ಪಡೆದು, ಅಲ್ಲಿ ಮೆಮೊರಿ ಚಿಪ್ಪಿನ ಕಾರ್ಖಾನೆಯನ್ನು ಕಟ್ಟಿತು. ೧೯೯೭ರ ಮೇ ತಿಂಗಳಲ್ಲಿ ರಾಣಿ ಎಲಿಜಬೆತ್ ತಾನೇ ಬಂದು ಅದರ ಉದ್ಘಾಟನೆ ಮಾಡಿದಳು. ೧೯೯೮ರ ಜುಲೈ ಮುಗಿಯುವಾಗ ಅದನ್ನು ಮುಚ್ಚುವ ಪ್ರಕಟಣೆ ಹೊರಟಿತು. ರಾಣಿ ಬಂದು ಹೋದ ಮೇಲೆ ಕಳೆದದ್ದು ಹದಿನಾಲ್ಕೇ ತಿಂಗಳು! ಸುಮಾರು ೧,೧೦೦ ಜನರ ಅನ್ನ ಹೋಯಿತು. ಕೆಲವೇ ವಾರಗಳಲ್ಲಿ, ಅಂದಿನ ಪ್ರಧಾನಿ ಟೋನಿ ಬ್ಲೇರ್ ಅವರ ಸ್ವಂತ ಕ್ಷೇತ್ರದಲ್ಲೇ ಇದ್ದ ಫುಜಿತ್ಸು ಕಾರ್ಖಾನೆಯೂ ಅದೇ ದಾರಿ ಹಿಡಿಯಿತು. ಆ ಕೆಲಸಗಾರರ ಕೈಯಲ್ಲಿ ನೈಪುಣ್ಯಕ್ಕೆ ಕೊರತೆಯಿತ್ತೆ? ಅವರು ಸೋಮಾರಿಗಳಾಗಿದ್ದರೆ? ಎರಡೂ ಅಲ್ಲ. ಸಿಯೋಲಿನಲ್ಲಿ, ಟೋಕಿಯೋದಲ್ಲಿ, ತೈವಾನಿನಲ್ಲಿ ಅದೇ ವರ್ಷ ಬೇರೆಯವರೂ ಕಟ್ಟಿದ್ದರು ಎಂಬುದೊಂದೇ ಅವರ ಅಪರಾಧ.

ಅನಂತರದ್ದನ್ನು ಬೇಗ ಹೇಳಿಬಿಡಬಹುದು. ೧೯೯೮ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ತನ್ನ ಮೆಮೊರಿಯ ವ್ಯವಹಾರವನ್ನು ಮೈಕ್ರಾನಿಗೆ ಮಾರಿತು. ೨೦೦೯ರಲ್ಲಿ ಜರ್ಮನಿಯ ಕಿಮೊಂಡಾ ದಿವಾಳಿಯಾಯಿತು. ಹಿಟಾಚಿ ಮತ್ತು ಎನ್‌ಇಸಿಗಳ ಮೆಮೊರಿ ವಿಭಾಗಗಳನ್ನು ಕೂಡಿಸಿ ಜಪಾನು ಕಟ್ಟಿದ್ದ ಎಲ್ಪಿಡಾ ಸಂಸ್ಥೆಗೆ ೨೦೦೯ರಲ್ಲಿ ಅಲ್ಲಿನ ಸರ್ಕಾರ ೩,೦೦೦ ಕೋಟಿ ಯೆನ್ ಬಂಡವಾಳದ ಆಸರೆ ಕೊಟ್ಟಿತು. ಮೂರೇ ವರ್ಷಕ್ಕೆ, ೨೦೧೨ರ ಫೆಬ್ರವರಿಯಲ್ಲಿ, ಸುಮಾರು ೪೫ ಸಾವಿರ ಕೋಟಿ ಯೆನ್ ಸಾಲದ ಹೊರೆಯೊಡನೆ ಅದು ನೆಲಕಚ್ಚಿತು. ೨೦೧೩ರಲ್ಲಿ ಅದನ್ನೂ ಮೈಕ್ರಾನ್ ಕೊಂಡಿತು. ಜಪಾನಿನ ತೆರಿಗೆದಾರನ ಹಣ ಹೊಳೆಯಲ್ಲಿ ಹುಣಿಸೆಹಣ್ಣು ಕಿವಿಚಿದಂತಾಯಿತು.

* * *

ಹೋಗಲಿ, ಬಡವಾದ ಕಂಪೆನಿಗಳು ಸತ್ತರೆ ಗಿರಾಕಿಗೇನು ನಷ್ಟ ಎಂದು ಪಂಡಿತರು ಕೇಳುತ್ತಾರೆ. ಅಸಮರ್ಥರು ಸಾಯುವುದು, ಸಮರ್ಥರು ಉಳಿಯುವುದು ಪ್ರಕೃತಿಯ ಧರ್ಮವಲ್ಲವೆ ಎನ್ನುತ್ತಾರೆ. ಉಳಿದವರು ಏನು ಮಾಡಿದರೆಂಬುದನ್ನು ನೋಡಿ ಉತ್ತರ ಹೇಳೋಣ.

೧೯೯೯ರಿಂದ ೨೦೦೨ರವರೆಗೆ, ಮೆಮೊರಿ ಚಿಪ್ಪಿನ ದೊಡ್ಡ ತಯಾರಕರು ಗುಟ್ಟಾಗಿ ಕೂಡಿಕೊಂಡು ಬೆಲೆಯನ್ನು ಗೊತ್ತುಮಾಡುತ್ತಿದ್ದರು. ಇದು ಬಾಯಿಮಾತಿನ ಅಪವಾದವಲ್ಲ. ಅಮೆರಿಕದ ನ್ಯಾಯ ಇಲಾಖೆಯ ಮುಂದೆ ಅವರೇ ತಪ್ಪೊಪ್ಪಿಕೊಂಡ ವಿಷಯ. ೨೦೦೪ರಲ್ಲಿ ಇನ್ಫಿನಿಯನ್ ೧೬ ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತು. ೨೦೦೫ರಲ್ಲಿ ಹೈನಿಕ್ಸ್ ೧೮.೫ ಕೋಟಿ, ಸ್ಯಾಮ್‌ಸಂಗ್ ೩೦ ಕೋಟಿ. ೨೦೦೬ರಲ್ಲಿ ಎಲ್ಪಿಡಾ ೮.೪ ಕೋಟಿ. ಮೈಕ್ರಾನ್ ಮೊದಲೇ ಸರ್ಕಾರದೊಡನೆ ಸಹಕರಿಸಿ ಕ್ಷಮೆ ಪಡೆಯಿತು. ಯೂರೋಪಿನ ಆಯೋಗ ೨೦೧೦ರಲ್ಲಿ ಒಟ್ಟು ೩೩ ಕೋಟಿ ಯೂರೋ ದಂಡ ವಿಧಿಸಿತು. ಹಗಲಲ್ಲಿ ಒಬ್ಬರ ಕತ್ತನ್ನೊಬ್ಬರು ಕೊಯ್ಯುತ್ತಿದ್ದವರು ಇರುಳಲ್ಲಿ ಒಂದೇ ಎಲೆಯಲ್ಲಿ ಉಣ್ಣುತ್ತಿದ್ದರು! ಬೆಲೆಯುದ್ಧ ಮತ್ತು ಬೆಲೆಯ ಗುಟ್ಟಿನ ಒಪ್ಪಂದ ಇವೆರಡೂ ಅವಳಿ ಮಕ್ಕಳು. ಒಂದರ ಸಂಕಟವೇ ಇನ್ನೊಂದರ ಪ್ರೇರಣೆ.

ಇಂದು ಲೋಕದ ಡಿ-ರ‍್ಯಾಮ್ ಚಿಪ್ಪುಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಮೂರೇ ಸಂಸ್ಥೆಗಳ ಕೈಯಲ್ಲಿದೆ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಹಿಂದೆ ಅಮೆರಿಕ, ಜಪಾನು, ಜರ್ಮನಿ, ತೈವಾನುಗಳಲ್ಲಿ ಹರಡಿದ್ದ ವ್ಯಾಪಾರ ಒಂದೊಂದು ಪ್ರವಾಹಕ್ಕೂ ಒಂದಿಷ್ಟು ಜನರನ್ನು ಮುಳುಗಿಸಿ, ಕೊನೆಗೆ ಮೂರು ದಡಗಳಲ್ಲಿ ನಿಂತಿದೆ. ಮೂವರ ಪೇಟೆಯಲ್ಲಿ ಗಿರಾಕಿಯ ಸ್ಥಿತಿ ಏನೆಂಬುದು ೨೦೨೫ರ ಕೊನೆಯಲ್ಲಿ ಎಲ್ಲರಿಗೂ ತಿಳಿಯಿತು. ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಯಂತ್ರಾಗಾರಗಳಿಗೆ ಬೇಕಾದ ದುಬಾರಿ ಮೆಮೊರಿಯ ಕಡೆಗೆ ಮೂವರೂ ತಿರುಗಿದರು. ಸಾಮಾನ್ಯನಿಗೆ ಬೇಕಾದ ಮೆಮೊರಿಗೆ ಕೊರತೆ ಬಂದು ಬೆಲೆ ಏಣಿ ಹತ್ತಿತು. ಆ ವರ್ಷದ ಡಿಸೆಂಬರಿನಲ್ಲಿ ಮೈಕ್ರಾನ್, ಸಾಮಾನ್ಯ ಗಿರಾಕಿಗಳಿಗೆಂದು ‘ಕ್ರೂಶಿಯಲ್’ ಎಂಬ ಹೆಸರಿನಲ್ಲಿ ಮಾರುತ್ತಿದ್ದ ಸರಕಿನ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಸಾರಿತು. ೨೦೨೩ರಲ್ಲಿ ಅಗ್ಗವಾಯಿತೆಂದು ಹಿಗ್ಗಿದವರು ಎರಡೇ ವರ್ಷದಲ್ಲಿ ಬಡ್ಡಿ ಕಟ್ಟತೊಡಗಿದರು. ಅಂದಿನ ಅಗ್ಗಕ್ಕೂ ಇಂದಿನ ತುಟ್ಟಿಗೂ ಸಂಬಂಧವಿಲ್ಲವೆಂದು ತಿಳಿಯಬೇಡಿ. ನಷ್ಟದ ವರ್ಷಗಳಲ್ಲಿ ಹೊಸ ಕಾರ್ಖಾನೆಗೆ ಹಣ ಹಾಕಲು ಕೈ ಹಿಂದೆಗೆದದ್ದೂ ಇಂದಿನ ಕೊರತೆಯ ಒಂದು ಕಾರಣ.

ಇಲ್ಲಿ ನ್ಯಾಯವಾದ ಒಂದು ಆಕ್ಷೇಪಣೆಯುಂಟು. ಐವತ್ತು ವರ್ಷಗಳಿಂದ ಚಿಪ್ಪಿನ ಬೆಲೆ ಇಳಿಯುತ್ತಲೇ ಬಂದಿದೆಯಲ್ಲವೆ? ಒಂದು ಕಾಲಕ್ಕೆ ವಿಶ್ವವಿದ್ಯಾನಿಲಯಗಳಿಗೂ ನಿಲುಕದಿದ್ದ ಗಣನಶಕ್ತಿ ಇಂದು ತರಕಾರಿ ಮಾರುವವಳ ಕೈಯಲ್ಲಿರುವುದು ಈ ಇಳಿಕೆಯಿಂದಲ್ಲವೆ? ನಿಜ, ನೂರಕ್ಕೆ ನೂರು ನಿಜ. ಆದರೆ ಎರಡು ಬಗೆಯ ಇಳಿಕೆಯನ್ನು ಒಂದೆಂದು ತಿಳಿಯಬಾರದು. ೧೯೬೫ರಲ್ಲಿ ಗಾರ್ಡನ್ ಮೂರ್ ಎಂಬ ವಿಜ್ಞಾನಿ, ಒಂದೇ ಚಿಪ್ಪಿನಲ್ಲಿ ಅಡಕವಾಗುವ ಬಿಡಿಭಾಗಗಳ ಸಂಖ್ಯೆ ವರ್ಷವರ್ಷಕ್ಕೂ ಇಮ್ಮಡಿಯಾಗುತ್ತಿರುವುದನ್ನು ತೋರಿಸಿಕೊಟ್ಟ. ಆ ವಿದ್ಯೆಯಿಂದ ಇಳಿಯುವ ಬೆಲೆ ಒಂದು ಬಗೆ. ಅಲ್ಲಿ ಅದೇ ಬಿಲ್ಲೆಯಿಂದ ಹೆಚ್ಚು ಫಲ ಬರುತ್ತದೆ. ಮಾರುವವನೂ ಬದುಕುತ್ತಾನೆ, ಕೊಳ್ಳುವವನೂ ಗೆಲ್ಲುತ್ತಾನೆ. ಗೋದಾಮಿನಲ್ಲಿ ಸರಕು ಕೊಳೆಯುತ್ತಿದೆಯೆಂದು ತಯಾರಿಕೆಯ ಖರ್ಚಿಗಿಂತಲೂ ಕಡಿಮೆಗೆ ಮಾರುವ ಬೆಲೆ ಇನ್ನೊಂದು ಬಗೆ. ಮೊದಲನೆಯದು ಹಸುವಿನ ಹಾಲು ಹೆಚ್ಚಿದಂತೆ. ಎರಡನೆಯದು ಮೇವಿಲ್ಲವೆಂದು ಹಸುವನ್ನೇ ಸಂತೆಯಲ್ಲಿ ಮಾರಿದಂತೆ. ಎರಡರಿಂದಲೂ ಅಂದಿನ ಕೈಗೆ ಕಾಸು ಬರುವುದುಂಟು. ಹಾಗೆಂದು ಎರಡನ್ನೂ ಹೈನುಗಾರಿಕೆಯೆಂದು ಕರೆಯುತ್ತೇವೆಯೆ?

* * *

ಈಗ ನಮ್ಮ ಮನೆಯ ಮಾತಿಗೆ ಬರೋಣ. ೨೦೨೦-೨೧ರಲ್ಲಿ ಚಿಪ್ಪಿಲ್ಲದೆ ಮೋಟಾರು ಕಾರಿನ ಕಾರ್ಖಾನೆಗಳೇ ನಿಂತವು. ಆ ಬರವನ್ನು ನೋಡಿ ಬೆದರಿದ ಸರ್ಕಾರಗಳೆಲ್ಲ ಒಟ್ಟಿಗೆ ಖಜಾನೆಯ ಬೀಗ ತೆಗೆದವು. ಭಾರತ ೨೦೨೧ರ ಡಿಸೆಂಬರಿನಲ್ಲಿ ೭೬,೦೦೦ ಕೋಟಿ ರೂಪಾಯಿಯ ಯೋಜನೆಯನ್ನು ಸಾರಿತು. ಅಮೆರಿಕ ೨೦೨೨ರಲ್ಲಿ ೫,೨೭೦ ಕೋಟಿ ಡಾಲರ್ ತೆಗೆದಿಟ್ಟಿತು. ಯೂರೋಪು ೨೦೨೩ರಲ್ಲಿ ೪,೩೦೦ ಕೋಟಿ ಯೂರೋ ಕೂಡಿಸುವ ಕಾನೂನು ಮಾಡಿತು. ಚೀನಾ ಇವರೆಲ್ಲರಿಗಿಂತ ಮೊದಲೇ ಹೊರಟಿತ್ತು. ಬೆಲೆ ಏರಿದ್ದನ್ನು ಕಂಡು ಎಲ್ಲರೂ ಒಟ್ಟಿಗೆ ಬಿತ್ತುವುದು ಎಂಬ ಹಳೆಯ ಕಥೆಯೇ ಇದು. ಹಿಂದೆ ಕಂಪೆನಿಗಳು ಮಾಡುತ್ತಿದ್ದುದನ್ನು ಈಗ ಸರ್ಕಾರಗಳು ಮಾಡುತ್ತಿವೆ, ಅಷ್ಟೆ. ಕಂಪೆನಿ ಮುಳುಗಿದರೆ ಷೇರುದಾರ ಅಳುತ್ತಾನೆ. ಸರ್ಕಾರದ ಹಣ ಮುಳುಗಿದರೆ ಅಳಬೇಕಾದವರು ನಾವೆಲ್ಲರೂ. ಅಳುವಿಗೆ ಕಾರಣವೇನೆಂಬುದೂ ನಮಗೆ ತಿಳಿದಿರುವುದಿಲ್ಲ.

ಗುಜರಾತಿನ ಧೋಲೇರದಲ್ಲಿ ಟಾಟಾ ಸಂಸ್ಥೆ ತೈವಾನಿನ ಪಿಎಸ್‌ಎಂಸಿ ಸಂಸ್ಥೆಯ ನೆರವಿನಿಂದ ೯೧,೦೦೦ ಕೋಟಿ ರೂಪಾಯಿಯ ಕಾರ್ಖಾನೆಯನ್ನು ಕಟ್ಟುವುದಕ್ಕೆ ಕೇಂದ್ರ ಸರ್ಕಾರ ೨೦೨೪ರ ಫೆಬ್ರವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಯೋಜನೆಯ ನಿಯಮದಂತೆ ಖರ್ಚಿನ ಅರ್ಧವನ್ನು ಕೇಂದ್ರವೇ ಭರಿಸುತ್ತದೆ. ಈ ಪಿಎಸ್‌ಎಂಸಿಯ ಪೂರ್ವೇತಿಹಾಸ ನಮ್ಮ ವಾದಕ್ಕೆ ಸಾಕ್ಷಿಯಂತಿದೆ. ಇದರ ಮೂಲ ಸಂಸ್ಥೆಯಾದ ಪವರ್‌ಚಿಪ್ ಮೆಮೊರಿ ಚಿಪ್ಪನ್ನೇ ನಂಬಿ ಬೆಳೆದು, ಅತಿಪೂರೈಕೆಯ ವರ್ಷಗಳಲ್ಲಿ ಕೈ ಸುಟ್ಟುಕೊಂಡು, ೨೦೧೨ರಲ್ಲಿ ತೈವಾನಿನ ಷೇರುಪೇಟೆಯ ಪಟ್ಟಿಯಿಂದಲೇ ಕಳಚಿಬಿತ್ತು. ಅನಂತರ ಅವರು ಬೇರೆಯವರ ಚಿಪ್ಪುಗಳನ್ನು ಕೂಲಿಗೆ ತಯಾರಿಸಿಕೊಡುವ ದಾರಿ ಹಿಡಿದು ಚೇತರಿಸಿಕೊಂಡರು. ಬೆಂಕಿಯನ್ನು ಕಂಡು ಬಂದವರು ಜೊತೆಗಿರುವುದು ಒಳ್ಳೆಯದೇ. ಆದರೆ ಅವರಿಗೆ ತಿಳಿದಿರುವ ಬೆಂಕಿಯ ವಿಷಯವನ್ನು ಹಣ ಕೊಡುವ ನಮಗೂ ಯಾರಾದರೂ ಹೇಳಬೇಡವೆ? ಧೋಲೇರದಲ್ಲಿ ತಯಾರಾಗಲಿರುವುದು ೨೮ ನ್ಯಾನೊಮೀಟರ್ ಮತ್ತು ಅದಕ್ಕಿಂತ ಹಿಂದಿನ ತಲೆಮಾರಿನ ಚಿಪ್ಪುಗಳು. ಕಾರಿಗೂ ತೊಳೆಯುವ ಯಂತ್ರಕ್ಕೂ ಅವು ಬೇಕು. ಅವನ್ನು ಹಳೆಯವೆಂದು ಹೀಗಳೆಯುವುದು ಅಜ್ಞಾನ. ಆದರೆ ಚೀನಾ ಅತಿಯಾಗಿ ಕಟ್ಟುತ್ತಿರುವುದೂ ಇದೇ ತಲೆಮಾರಿನ ಕಾರ್ಖಾನೆಗಳನ್ನು. ಈ ಕಾರಣಕ್ಕಾಗಿಯೇ ಅಮೆರಿಕ ಸರ್ಕಾರ ೨೦೨೪ರ ಡಿಸೆಂಬರಿನಲ್ಲಿ ಚೀನಾದ ಮೇಲೆ ವಿಚಾರಣೆ ಆರಂಭಿಸಿತು.

ಸಾಣಂದದ ಮಾತು ಇನ್ನೂ ಸ್ವಾರಸ್ಯವಾಗಿದೆ. ಮೈಕ್ರಾನ್ ಸಂಸ್ಥೆ ಅಲ್ಲಿ ಚಿಪ್ಪುಗಳನ್ನು ಜೋಡಿಸಿ ಪರೀಕ್ಷಿಸುವ ಕಾರ್ಖಾನೆ ಕಟ್ಟುವುದೆಂದು ೨೦೨೩ರ ಜೂನಿನಲ್ಲಿ ಪ್ರಕಟವಾಯಿತು. ಒಟ್ಟು ಖರ್ಚು ೨೭೫ ಕೋಟಿ ಡಾಲರ್. ಅದರಲ್ಲಿ ಕೇಂದ್ರದ ಪಾಲು ನೂರಕ್ಕೆ ಐವತ್ತು, ಗುಜರಾತ್ ಸರ್ಕಾರದ ಪಾಲು ನೂರಕ್ಕೆ ಇಪ್ಪತ್ತು; ಕಂಪೆನಿ ಹಾಕುವುದು ೮೨.೫ ಕೋಟಿ ಡಾಲರಿನವರೆಗೆ. ಅದು ಮೈಕ್ರಾನ್ ನಷ್ಟದಲ್ಲಿ ಮುಳುಗಿದ್ದ ವರ್ಷ ಎಂಬುದನ್ನು ಮರೆಯಬೇಡಿ. ಕಂಪೆನಿಯನ್ನು ನಾನು ದೂರುವುದಿಲ್ಲ. ಅವರು ಚೌಕಾಸಿಯನ್ನು ಚೆನ್ನಾಗಿ ಮಾಡಿದರು. ನಾವು ಹೇಗೆ ಮಾಡಿದೆವೆಂಬುದೇ ಪ್ರಶ್ನೆ. ಹತ್ತರಲ್ಲಿ ಏಳು ಪಾಲು ಹಣ ಹಾಕಿದವನನ್ನು ನಮ್ಮ ಚಿಕ್ಕಪೇಟೆಯ ವ್ಯಾಪಾರಿ ಏನೆಂದು ಕರೆಯುತ್ತಾನೆ? ಯಜಮಾನನೆಂದು ಕರೆಯುತ್ತಾನೆ. ರಾಜಕಾರಣದಲ್ಲಿ ಅವನಿಗೆ ಫಲಾನುಭವಿ ಎಂದು ಹೆಸರು!

ಈ ಮಾತೆತ್ತಿದರೆ ದೇಶಾಭಿಮಾನಿಗಳು ಕಣ್ಣು ಕೆಂಪಗೆ ಮಾಡುತ್ತಾರೆ. ಹಾಗಾದರೆ ನಾವು ಚಿಪ್ಪನ್ನೇ ಮಾಡಬಾರದೆ, ಎಂದೆಂದಿಗೂ ಪರರ ಬಾಗಿಲಲ್ಲಿ ನಿಲ್ಲಬೇಕೆ ಎನ್ನುತ್ತಾರೆ. ನಾನು ಹಾಗೆ ಹೇಳಲಿಲ್ಲ. ಮಾಡಲೇಬೇಕು. ಬೆಂಗಳೂರಿನ ಬಿಇಎಲ್ ೧೯೬೨ರಲ್ಲಿಯೇ ಜರ್ಮೇನಿಯಂ ಅರೆವಾಹಕಗಳನ್ನು ತಯಾರಿಸಿದ ನಾಡು ಇದು. ೧೯೮೫ರಿಂದ ಇಲ್ಲಿ ಪರದೇಶಗಳ ಚಿಪ್ಪುಗಳಿಗೆ ನಕ್ಷೆ ಬರೆಯುತ್ತಿರುವವರು ನಮ್ಮ ಮನೆಗಳ ಹುಡುಗ ಹುಡುಗಿಯರೇ. ಮೊಹಾಲಿಯಲ್ಲಿ ೧೯೮೪ರಲ್ಲಿ ಸರ್ಕಾರದ ಚಿಪ್ ಕಾರ್ಖಾನೆ ಕೆಲಸ ಆರಂಭಿಸಿತು. ೧೯೮೯ರ ಬೆಂಕಿಯಲ್ಲಿ ಅದು ಸುಟ್ಟಿತು. ಸುಟ್ಟಮೇಲೆ ಅದನ್ನು ಬೇಗ ಎತ್ತಿ ನಿಲ್ಲಿಸುವ ಛಲ ನಮ್ಮಲ್ಲಿ ಕಾಣಲಿಲ್ಲ. ಆ ಉದಾಸೀನವೂ ಪಾಪವೇ. ಆದರೆ ಉದಾಸೀನದ ಪಾಪಕ್ಕೆ ಉತ್ಸಾಹದ ಕುರುಡುತನ ಪ್ರಾಯಶ್ಚಿತ್ತವಲ್ಲ. ಮಗನಿಗೆ ಮದುವೆ ಮಾಡಬೇಕೆನ್ನುವ ತಂದೆ, ಸಾಲದ ಪತ್ರವನ್ನು ಓದಿ ರುಜು ಹಾಕಿದರೆ ಮದುವೆಯ ವಿರೋಧಿಯಾಗುತ್ತಾನೆಯೆ?

ಓದದೆ ರುಜು ಹಾಕಿದರೆ ಏನಾಗಬಹುದೆಂಬುದಕ್ಕೆ ಜರ್ಮನಿಯ ಮಾಗ್ಡೆಬುರ್ಗ್ ನಗರವನ್ನು ನೋಡಬಹುದು. ಅಲ್ಲಿ ಇಂಟೆಲ್ ಕಟ್ಟಲಿದ್ದ ೩,೦೦೦ ಕೋಟಿ ಯೂರೋ ಕಾರ್ಖಾನೆಗೆ ಜರ್ಮನಿಯ ಸರ್ಕಾರ ಸುಮಾರು ಸಾವಿರ ಕೋಟಿ ಯೂರೋ ಕೊಡಲು ಒಪ್ಪಿತ್ತು. ಕಂಪೆನಿಯ ಕೈ ಕಟ್ಟಿದಾಗ, ೨೦೨೪ರ ಸೆಪ್ಟೆಂಬರಿನಲ್ಲಿ ಕೆಲಸ ಮುಂದಕ್ಕೆ ಹೋಯಿತು. ೨೦೨೫ರ ಜುಲೈನಲ್ಲಿ ರದ್ದಾಯಿತು. ಊರಿಗೆ ಉಳಿದದ್ದು ಹೊಲದ ಬಯಲು. ಇತ್ತ ಅಮೆರಿಕ ಸರ್ಕಾರ ೨೦೨೫ರ ಆಗಸ್ಟಿನಲ್ಲಿ ಅದೇ ಇಂಟೆಲ್ಲಿಗೆ ಕೊಡಬೇಕಾಗಿದ್ದ ಸುಮಾರು ೮೯೦ ಕೋಟಿ ಡಾಲರ್ ಸಹಾಯಧನಕ್ಕೆ ಬದಲಾಗಿ, ನೂರಕ್ಕೆ ಹತ್ತರಷ್ಟು ಷೇರನ್ನು ತನ್ನ ಹೆಸರಿಗೆ ಬರೆಸಿಕೊಂಡಿತು. ಆ ಕ್ರಮದ ಹಿಂದಿನ ರಾಜಕೀಯ ಏನೇ ಇರಲಿ, ಬಂಡವಾಳಶಾಹಿಯ ತವರಿನಲ್ಲೇ ‘ಹಣ ನಮ್ಮದಾದರೆ ಪಾಲೂ ನಮ್ಮದು’ ಎಂಬ ಮಾತು ಆಡಿಯಾಯಿತು. ನಾವು ಅದನ್ನು ಆಡಲು ನಾಚುವುದೇಕೆ?

ನಮ್ಮ ಸರ್ಕಾರಗಳನ್ನು ಕೇಳಬೇಕಾದದ್ದು ಮೂರೇ ಮಾತು. ಮೊದಲನೆಯದು, ಬೆಲೆ ಬಿದ್ದ ವರ್ಷ ಕಾರ್ಖಾನೆಯ ಗತಿ ಏನೆಂಬ ಲೆಕ್ಕವನ್ನು, ಒಪ್ಪಿಗೆ ಕೊಡುವ ಮೊದಲೇ ಎಲ್ಲರೂ ಓದುವಂತೆ ಪ್ರಕಟಿಸಿ. ಅಡಿಗಲ್ಲಿನ ಮೇಲೆ ಮಂತ್ರಿಗಳ ಹೆಸರನ್ನು ಕೆತ್ತುವಷ್ಟು ಸ್ಪಷ್ಟವಾದ ಅಕ್ಷರದಲ್ಲಿ ಅದು ಇರಲಿ. ಎರಡನೆಯದು, ಕೊಟ್ಟ ಹಣಕ್ಕೆ ಷೇರನ್ನೋ ಲಾಭದ ಪಾಲನ್ನೋ ಬರೆಸಿಕೊಳ್ಳಿ. ಏರುಗಾಲದಲ್ಲಿ ಬಂದದ್ದನ್ನು ಇಳಿಗಾಲಕ್ಕೆಂದು ಕಣಜದಲ್ಲಿ ತುಂಬಿಡಿ. ಬಿತ್ತನೆಯ ಬೀಜವನ್ನು ಅಟ್ಟದ ಮೇಲೆ ತೆಗೆದಿಟ್ಟು ಉಳಿದದ್ದನ್ನು ಉಣ್ಣುವ ವಿವೇಕ ನಮ್ಮ ಒಕ್ಕಲುಮಕ್ಕಳಿಗೆ ಹೊಸದಲ್ಲ. ಮೂರನೆಯದು, ಕೆಲಸಗಾರನ ವಿಚಾರ. ಬಾಗಿಲು ಮುಚ್ಚುವ ದಿನ ಬಂದರೆ ಅವನಿಗೆ ಎಷ್ಟು ತಿಂಗಳ ಸಂಬಳ, ಯಾವ ಮರುಶಿಕ್ಷಣ ಎಂಬುದು ಬಾಗಿಲು ತೆರೆಯುವ ದಿನವೇ ನಿಶ್ಚಯವಾಗಲಿ. ನಾರ್ತ್ ಟೈನ್‌ಸೈಡಿನವರಿಗೆ ರಾಣಿಯ ದರ್ಶನ ದೊರೆತಿತ್ತು. ಅದು ಅವರ ಮುಂದಿನ ವರ್ಷದ ಅನ್ನವಾಗಲಿಲ್ಲ.

ಇಷ್ಟು ಕೇಳುವುದು ಉದ್ಯಮದ್ರೋಹವೂ ಅಲ್ಲ, ದೇಶದ್ರೋಹವೂ ಅಲ್ಲ. ಚಿಪ್ಪಿನ ವ್ಯಾಪಾರದಲ್ಲಿ ಏರಿಳಿತ ಇದ್ದೇ ಇರುತ್ತದೆ. ಲೋಕದ ಮಾರಾಟವೇ ೨೦೨೨ರಲ್ಲಿ ೫೭,೪೦೦ ಕೋಟಿ ಡಾಲರ್ ಇದ್ದದ್ದು ೨೦೨೩ರಲ್ಲಿ ೫೨,೭೦೦ ಕೋಟಿಗೆ ಇಳಿದು ೨೦೨೪ರಲ್ಲಿ ಸುಮಾರು ೬೩,೦೦೦ ಕೋಟಿಗೆ ಜಿಗಿಯಿತು. ಈ ಉಯ್ಯಾಲೆಯನ್ನು ನಿಲ್ಲಿಸುವ ಶಕ್ತಿ ನಮಗಿಲ್ಲ. ಆದರೆ ಉಯ್ಯಾಲೆಯ ಹಗ್ಗಕ್ಕೆ ಹಣ ಕೊಡುವವರು ನಾವಾದರೆ, ಮೇಲೇರಿದಾಗ ಒಬ್ಬರು ಕೂಡುವುದು, ಕೆಳಗೆ ಬಿದ್ದಾಗ ಇನ್ನೊಬ್ಬರ ಸೊಂಟ ಮುರಿಯುವುದು ಎಂಬ ಏರ್ಪಾಡನ್ನು ನಾವು ಒಪ್ಪಬೇಕಾಗಿಲ್ಲ. ಮುತ್ತು ಸಿಕ್ಕ ವರ್ಷ ನಮಗೂ ಪಾಲು ಬರಲಿ. ಚಿಪ್ಪು ಕೈಗೆ ಬಂದ ವರ್ಷ ಹೆಗಲು ಕೊಡುವುದಕ್ಕೆ ನಾವೂ ಹಿಂದೆಗೆಯುವವರಲ್ಲ.